ಆರು ಸಾವಿರದ ಇನ್ನೂರು ಮೈಕ್ರೊಸೆಕೆಂಡಿನ ತಾಳ್ಮೆ

ಹೋಳೂರು ಸೀಮೆಯ ತೋಟಗಳಲ್ಲಿ ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್ ಕರೆಂಟು ಬಂದ ಕೂಡಲೇ ಮೋಟರನ್ನು ಎಬ್ಬಿಸುವುದಿಲ್ಲ. ಮೂರೂ ಫೇಸು ಬಂದಿವೆಯೇ ಎಂದು ನೋಡಿ, ತುಸು ಹೊತ್ತು ಕಾದು, ಆಮೇಲೆ ಮೋಟರ್ ಹತ್ತಿಸುತ್ತದೆ. ಮೊಬೈಲಿನ ಕ್ಯಾಮೆರಾ ಸೆನ್ಸರಿಗೆ ಜೀವ ಕೊಡುವ ಡ್ರೈವರ್ ತಂತ್ರಾಂಶದ ಕಸುಬೂ ಇಂಥದ್ದೇ. ಕಾಯುವ ಹೊತ್ತು ಮಾತ್ರ ಕಣ್ಣೆವೆ ಮುಚ್ಚುವುದಕ್ಕಿಂತ ಕಡಿಮೆ.

ಕೋಲಾರದ ಪಕ್ಕದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ. ವಿಸ್ಟ್ರಾನ್ ಕಟ್ಟಿದ್ದು, 2023ರಲ್ಲಿ ಟಾಟಾ ಕೈಗೆ ಬಂತು. ಆ ಫೋನುಗಳ ಡ್ರೈವರ್ ಬರಹವನ್ನು ನಾವು ಓದಲಾಗದು. ಲಿನಕ್ಸ್‌ನದು ತೆರೆದ ಪುಸ್ತಕ, ಹಾಗಾಗಿ ಅಲ್ಲಿಂದಲೇ ಒಂದನ್ನು ಎತ್ತಿಕೊಳ್ಳೋಣ: ಸೋನಿಯ ಐಎಂಎಕ್ಸ್219. 2016ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಎರಡನೇ ಕ್ಯಾಮೆರಾದೊಳಗೆ ಬಂದ, 80 ಲಕ್ಷ ಪಿಕ್ಸೆಲ್‌ಗಳ ಸೆನ್ಸರ್ ಇದು.

ಇದಕ್ಕೆ ಮೂರು ಬಗೆಯ ವಿದ್ಯುತ್ ಬೇಕು. ಬೆಳಕು ಹಿಡಿಯುವ ಅನಲಾಗ್ ಭಾಗಕ್ಕೆ 2.8 ವೋಲ್ಟ್, ಹೊರಗಿನ ಚಿಪ್ಪುಗಳ ಜತೆ ಮಾತಾಡಲು 1.8, ಒಳಗಿನ ಲೆಕ್ಕಾಚಾರಕ್ಕೆ 1.2. ಡ್ರೈವರ್ ಮೊದಲು ಈ ಮೂರನ್ನೂ ಹಾಕುತ್ತದೆ, ಆಮೇಲೆ ಕ್ಲಾಕ್ ಕೊಡುತ್ತದೆ, ಕೊನೆಗೆ ಸೆನ್ಸರನ್ನು ತಡೆದಿಟ್ಟಿದ್ದ ರೀಸೆಟ್ ತಂತಿಯ ವೋಲ್ಟೇಜನ್ನು ಮೇಲೆತ್ತುತ್ತದೆ. ಆಮೇಲೆ 6,200 ಮೈಕ್ರೊಸೆಕೆಂಡ್ ಸುಮ್ಮನಿರುತ್ತದೆ.

ಈ 6,200 ಎಲ್ಲಿಂದ ಬಂತು? ನನಗೆ ಬಹಳ ಇಷ್ಟವಾದ ಭಾಗ ಇದೇ. ಸೋಮಾರಿ ಕೈಯಾಗಿದ್ದರೆ ಹತ್ತು ಮಿಲಿಸೆಕೆಂಡ್ ಎಂದು ಬರೆದು ಎದ್ದುಹೋಗುತ್ತಿತ್ತು. ಇಲ್ಲಿ ಬರೆದವರು ಲೆಕ್ಕ ಹಾಕಿ, ಆ ಲೆಕ್ಕವನ್ನು ಕೋಡಿನ ಟಿಪ್ಪಣಿಯಲ್ಲೇ ಬಿಟ್ಟುಹೋಗಿದ್ದಾರೆ. ರೀಸೆಟ್ ಎತ್ತಿದ ಮೇಲೆ ಹೆಚ್ಚೆಂದರೆ 200 ಮೈಕ್ರೊಸೆಕೆಂಡಿನ ಒಂದು ಹಂತ. ಅಲ್ಲಿಂದ ಮುಂದೆ ಎರಡು ಕಾಯುವಿಕೆಗಳು ಒಟ್ಟೊಟ್ಟಿಗೆ ನಡೆಯುತ್ತವೆ: ಒಂದು 6,000 ಮೈಕ್ರೊಸೆಕೆಂಡಿನ ನಿಗದಿ ಅವಧಿ, ಇನ್ನೊಂದು ಕ್ಲಾಕಿನ 32,000 ಬಡಿತಗಳಷ್ಟು. ಬಡಿತದ ವೇಗ ಬೋರ್ಡಿನಿಂದ ಬೋರ್ಡಿಗೆ ಬದಲಾಗಬಹುದಲ್ಲ? ಸೆನ್ಸರ್ ಒಪ್ಪುವುದು 6ರಿಂದ 27 ಮೆಗಾಹರ್ಟ್ಸ್. ಅತಿ ನಿಧಾನದ 6ರಲ್ಲೂ 32,000 ಬಡಿತ 5,333 ಮೈಕ್ರೊಸೆಕೆಂಡಿಗೆ ಮುಗಿಯುತ್ತದೆ, ಅಂದರೆ 6,000ದ ಒಳಗೇ. ಹಾಗಾದರೆ 200 ಮತ್ತು 6,000 ಕೂಡಿಸಿದರೆ ಸಾಕು, ಯಾವ ಬೋರ್ಡಿನಲ್ಲೂ ಕೈಕೊಡದು.

ಇಷ್ಟು ಉದಾರವಾಗಿ ಕಾಯುವ ಡ್ರೈವರ್ ಕ್ಲಾಕಿನ ವೇಗದಲ್ಲಿ ಮಾತ್ರ ಜಿಗುಟು. ಸೆನ್ಸರ್ 27ರವರೆಗೆ ಒಪ್ಪಿದರೂ ಡ್ರೈವರಿಗೆ 24 ಮೆಗಾಹರ್ಟ್ಸೇ ಆಗಬೇಕು, ಬೇರೆ ಏನಿದ್ದರೂ ದೋಷವೆಂದು ಸಾರಿ ಹಿಂದೆ ಸರಿಯುತ್ತದೆ. ಕಾರಣ ಉಂಟು. ಸೆನ್ಸರಿನೊಳಗೆ ಆ 24 ಹಿಗ್ಗಿ 456 ಮೆಗಾಹರ್ಟ್ಸ್ ಆಗಿ, ಆ ವೇಗದಲ್ಲಿ ಚಿತ್ರ ಹೊರಗೆ ಹರಿಯುತ್ತದೆ. ಮೂಲದಲ್ಲಿ 25 ಕೊಟ್ಟರೆ ಅದು 475 ಆಗುತ್ತದೆ. ಅತ್ತ 456ಕ್ಕೆ ಕಿವಿ ಹದಗೊಳಿಸಿ ಕುಳಿತ ಪ್ರೊಸೆಸರಿನ ಲೆಕ್ಕವೇ ತಪ್ಪುತ್ತದೆ, ಫ್ರೇಮುಗಳ ವೇಗವೂ ಕೆಡುತ್ತದೆ.

ಕಸುಬುದಾರರ ಕೈ ನಿಜವಾಗಿ ಕಾಣುವುದು ಸೋಲಿನ ದಾರಿಯಲ್ಲಿ. ವಿದ್ಯುತ್ ಬಂದು ಕ್ಲಾಕ್ ಬಾರದೆ ಹೋದರೆ, ಡ್ರೈವರ್ ಆಗಲೇ ಪಡೆದ ಮೂರೂ ವಿದ್ಯುತ್ತನ್ನು ಬಿಟ್ಟುಕೊಟ್ಟೇ ಹಿಂದಿರುಗಬೇಕು. ಅದೇ 1.8 ವೋಲ್ಟ್ ಪಕ್ಕದ ಚಿಪ್ಪಿಗೂ ಹೋಗುತ್ತಿರಬಹುದು, ಯಾರು ಕೇಳಿದರು, ಯಾರು ಬಿಟ್ಟರು ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ಎಣಿಸುತ್ತಿರುತ್ತದೆ. ಒಬ್ಬರು ಬಿಡಲು ಮರೆತರೂ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ. ಕ್ಯಾಮೆರಾ ಮುಚ್ಚಿದ್ದರೂ ಬ್ಯಾಟರಿ ಸೋರುತ್ತಿರುತ್ತದೆ.

ಸೆನ್ಸರ್ ಮಲಗಿದ್ದಾಗ ಯಾವುದೋ ಆ್ಯಪ್ ಎಕ್ಸ್‌ಪೋಶರ್ ಬದಲಿಸು ಎಂದರೆ? ಅದಕ್ಕಾಗಿ ಎಬ್ಬಿಸುವ ಗೋಜಿಗೆ ಡ್ರೈವರ್ ಹೋಗದು. ಹೊಸ ಬೆಲೆಯನ್ನು ಕರ್ನಲ್ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಚಿತ್ರ ಹರಿಸಲು ಸೆನ್ಸರನ್ನು ಎಬ್ಬಿಸಿದಾಗ, ಮೊದಲ ಫ್ರೇಮಿಗೂ ಮುಂಚೆ ಆ ಬಾಕಿಯೆಲ್ಲ ಸೆನ್ಸರಿನ ಸೆಟ್ಟಿಂಗ್ ಕೂಡಿಡುವ ರಿಜಿಸ್ಟರುಗಳಿಗೆ ಸಂದಾಯವಾಗುತ್ತದೆ.