ನಿಮಗಿದು ಗೊತ್ತೇ? ಮಿದುಳಿನ ರಕ್ತನಾಳಕ್ಕೂ ಉರಿಯೂತ!

● ಹೊರಕೆರೆದೇವರಪುರವಿರಲಿ, ಹೊಸದುರ್ಗವಿರಲಿ, ಸರ್ಪಸುತ್ತು ಎದ್ದರೆ ಕೆಮ್ಮಣ್ಣು ಹಚ್ಚುವವರು ಇದ್ದೇ ಇದ್ದಾರೆ. ಗುಳ್ಳೆಯೇನೋ ಒಣಗುತ್ತದೆ. ಅಪರೂಪಕ್ಕೊಮ್ಮೆ ಸರ್ಪಸುತ್ತಿನ ವೈರಸ್ ನರದ ಹಾದಿ ಹಿಡಿದು ಮಿದುಳಿನ ರಕ್ತನಾಳದ ಗೋಡೆ ಸೇರಿ ಉರಿಯೂತ ತರುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಲಕ್ವ ಹೊಡೆಯುತ್ತದೆ. ಹಣೆ, ಕಣ್ಣಿನ ಸುತ್ತ ಎದ್ದಿದ್ದರೆ ಅಪಾಯ ಹೆಚ್ಚು. ಇದಕ್ಕೆ ಅಸೈಕ್ಲೋವಿರ್ ಎಂಬ ಔಷಧವಿದೆ. ಆದರೆ ಹಿಂದೆ ಸರ್ಪಸುತ್ತು ಆಗಿತ್ತೆಂದು ಮನೆಯವರು ಬಾಯಿಬಿಟ್ಟು ಹೇಳಬೇಕಲ್ಲ!

● ಇಂಥ ಉರಿಯೂತಕ್ಕೆ ನಮ್ಮ ದೇಶದಲ್ಲಿ ಮೊದಲು ಅನುಮಾನಿಸಬೇಕಾದದ್ದು ಟಿಬಿ. ಮಿದುಳು ಪೊರೆಗೆ ತಗುಲಿದ ಕ್ಷಯ ಮಿದುಳಿನ ತಳದ ಅಪಧಮನಿಗಳನ್ನು ಸುತ್ತುವರಿದು ಕಿರಿದಾಗಿಸುತ್ತದೆ. ಟಿಬಿ ಔಷಧದ ಜೊತೆ ಡೆಕ್ಸಾಮೆಥಾಸೋನ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು 2004ರಲ್ಲಿ ವಿಯೆಟ್ನಾಂನ ಅಧ್ಯಯನ ತೋರಿಸಿತು. ಅಂಗವೈಕಲ್ಯ ಮಾತ್ರ ಅಷ್ಟಾಗಿ ತಗ್ಗಲಿಲ್ಲ.

● ಬೆನ್ನಿನಿಂದ ನೀರು ತೆಗೆದರೆ ಸೊಂಟ ಬೀಳುತ್ತದೆ ಎಂಬುದು ಸುಳ್ಳು. ದೊಡ್ಡವರಲ್ಲಿ ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ. ಟಿಬಿಯೋ ವೈರಸ್ಸೋ ಎಂಬ ಸುಳಿವು ಆ ನೀರಿನಲ್ಲೇ ಇರುತ್ತದೆ.

● ಯಾವ ಸೋಂಕೂ ಇಲ್ಲದೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ನಾಳಗಳ ಮೇಲೆ ತಿರುಗಿಬೀಳುವುದೂ ಉಂಟು. ಅಮೆರಿಕದ ಓಲ್ಮ್‌ಸ್ಟೆಡ್ ಕೌಂಟಿಯ ಲೆಕ್ಕದಲ್ಲಿ ಇದು ವರ್ಷಕ್ಕೆ 10 ಲಕ್ಷ ಜನರಲ್ಲಿ 2.4 ಮಂದಿಗೆ. ತಲೆನೋವು, ಮಂಕು, ಮರೆವು, ಆಮೇಲೆ ಲಕ್ವ. ಮೋಸವೆಂದರೆ ಉರಿಯೂತದ ಸುಳಿವು ಕೊಡುವ ರಕ್ತಪರೀಕ್ಷೆಯ ಇಎಸ್‌ಆರ್ ಬಹುಪಾಲು ಸರಿಯಾಗಿಯೇ ಇರುತ್ತದೆ!

● ಆಂಜಿಯೋಗ್ರಾಮ್‌ಗೆ ತೀರಾ ಸಣ್ಣ ನಾಳಗಳು ಕಾಣವು. ಖಚಿತಪಡಿಸುವುದು ಮಿದುಳಿನ ಬಯಾಪ್ಸಿ, ಅದೂ ರೋಗವಿಲ್ಲದ ಜಾಗದ ತುಣುಕು ಸಿಕ್ಕರೆ ಕೈಕೊಡುತ್ತದೆ. ಇಂಥ ತುಣುಕನ್ನು ಓದಲು ಪಳಗಿದ ಕಣ್ಣು ಬೇಕು. ಚಿತ್ರದುರ್ಗದಿಂದ ಸುಮಾರು 200 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರರೋಗಶಾಸ್ತ್ರ ವಿಭಾಗವಿದೆ. ದಾನವಾಗಿ ಬಂದ ಮಿದುಳುಗಳ ಬ್ಯಾಂಕು 1995ರಿಂದ ಅಲ್ಲಿದೆ.

● ಸಿಡಿಲೆರಗಿದ ಹಾಗೆ ಏಕಾಏಕಿ ಬರುವ ತಲೆನೋವು ಬಹುಶಃ ಈ ಉರಿಯೂತದ್ದಲ್ಲ. ನಾಳಗಳು ತಾತ್ಕಾಲಿಕವಾಗಿ ಸೆಟೆದುಕೊಳ್ಳುವ ಇನ್ನೊಂದು ತೊಂದರೆ ಹೀಗೆ ಬರುತ್ತದೆ, ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಅವು ಸರಿಹೋಗುತ್ತವೆ. ಅದಕ್ಕೆ ಸ್ಟೆರಾಯ್ಡ್ ಕೊಟ್ಟರೆ ಕೆಡುಕೇ ಹೆಚ್ಚು. ಹಾಗೆಂದು ಮನೆಯಲ್ಲಿ ಕೂರಬೇಡಿ. ಮಿದುಳಿನ ರಕ್ತಸ್ರಾವವೂ ಹೀಗೇ ಶುರುವಾಗುತ್ತದೆ.

● ಹರೆಯದ ಹೆಣ್ಣುಮಕ್ಕಳಿಗೆ ತಲೆಸುತ್ತು, ಕೈಸೋಲುವುದು ಇದ್ದರೆ ಎರಡೂ ಕೈಗಳ ಬಿಪಿ ನೋಡಿಸಿ. ದೊಡ್ಡ ರಕ್ತನಾಳಗಳ ಉರಿಯೂತವಾದ ತಕಯಾಸು ಕಾಯಿಲೆಯಲ್ಲಿ ಒಂದು ಕೈಯ ನಾಡಿಯೇ ಸಿಗದಿರಬಹುದು. ಮಿದುಳಿಗೆ ಹೋಗುವ ಕತ್ತಿನ ನಾಳಗಳೂ ಕಿರಿದಾಗುತ್ತವೆ. 1908ರಲ್ಲಿ ಇದರ ಗುರುತನ್ನು ಮೊದಲು ವಿವರಿಸಿದ ಜಪಾನಿನ ಮಿಕಿಟೊ ತಕಯಾಸು ಕಣ್ಣಿನ ಡಾಕ್ಟರು!

● ಸೋಂಕಿಲ್ಲದ ಉರಿಯೂತಕ್ಕೆ ಮೊದಲು ಸ್ಟೆರಾಯ್ಡ್. ರೋಗ ಜೋರಾಗಿದ್ದರೆ ಜೊತೆಗೆ ಸೈಕ್ಲೋಫಾಸ್ಫಮೈಡ್. ಯುದ್ಧದ ಸಾಸಿವೆ ಅನಿಲದ ರಸಾಯನ ವಂಶದ್ದೇ ಈ ಔಷಧ. ಮೂತ್ರಕೋಶಕ್ಕೆ ಏಟಾಗದಿರಲು ಚೆನ್ನಾಗಿ ನೀರು ಕುಡಿಸುತ್ತಾರೆ. ಮಕ್ಕಳಾಗಬೇಕಿದ್ದವರು ಇದನ್ನು ಶುರುಮಾಡುವ ಮುಂಚೆಯೇ ಡಾಕ್ಟರ ಬಳಿ ಆ ಮಾತೆತ್ತಬೇಕು.

● ವಾರಗಟ್ಟಲೆ ಸ್ಟೆರಾಯ್ಡ್ ನುಂಗಿದವರ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ತಲೆನೋವು ಹೋಯಿತೆಂದು ಮಾತ್ರೆಯನ್ನು ತಟಕ್ಕನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಡಾಕ್ಟರು ಅದನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುವುದು ಇದಕ್ಕೇ.