‘ಕೇಳಿ ಕಲಿಯುವ’ ಹುಡುಗನಿಗೆ ಬೇಕಿದ್ದದ್ದು ಕನ್ನಡಕ

“ಉಸ್ತಾದ್, ಇವನಿಗೆ ಓದಿದ್ದು ಮಂಡೆಗೆ ಹೋಗುವುದಿಲ್ಲ, ಕೇಳಿದರೆ ಮಾತ್ರ ಹೋಗುತ್ತದೆ. ಅಂಥ ಮಕ್ಕಳಿಗೆ ಬೇರೆ ಟ್ಯೂಶನ್ ಇದೆಯಂತೆ, ಸೇರಿಸಲಾ?” ಎಂದು ಉಮ್ಮಂದಿರು ಈಗ ಮದ್ರಸದ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಮೊದಲೆಲ್ಲ ಮಕ್ಕಳು ಎರಡೇ ತರ ಇದ್ದರು, ಹುಷಾರಿನವರು ಮತ್ತು ದಡ್ಡರು. ಈಗ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸುತ್ತಾರೆ. ದಡ್ಡ ಎನ್ನುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಇದನ್ನು ನಂಬಿ ನಾವೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇವೆ.

ಏಳೆಂಟು ವರ್ಷಗಳ ಹಿಂದೆ ನಮ್ಮ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಂದು ಸೂರತ್ ಎರಡು ಸಲ ಓದಿ ಹೇಳಿದರೆ ಮೂರನೇ ಸಲಕ್ಕೆ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಬೋರ್ಡಿನಲ್ಲಿ ಬರೆದದ್ದನ್ನು ಮಾತ್ರ ಪಕ್ಕದವನ ಪುಸ್ತಕ ನೋಡಿಯೇ ಬರೆಯುತ್ತಿದ್ದ. ಇವನು ಕಿವಿಯಿಂದ ಕಲಿಯುವವನು ಎಂದು ನಾವು ತೀರ್ಮಾನಿಸಿದೆವು, ಅವನ ಉಪ್ಪನಿಗೂ ಹಾಗೆಯೇ ಹೇಳಿದೆವು. ಬರೆಸುವುದನ್ನು ಕಡಿಮೆ ಮಾಡಿ ಎಲ್ಲವನ್ನೂ ಬಾಯಲ್ಲೇ ಕೇಳಿದೆವು. ಮನೆಯಲ್ಲಿ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರು. ಎರಡು ವರ್ಷ ಹೀಗೆ ಹೋಯಿತು. ಆಮೇಲೆ ಊರಿನ ಕಣ್ಣಿನ ಕ್ಯಾಂಪಿನಲ್ಲಿ ಗೊತ್ತಾಯಿತು, ಹುಡುಗನಿಗೆ ದೂರದ್ದು ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಬಂದ ದಿನ “ಉಸ್ತಾದ್, ಚುಕ್ಕಿಗಳೂ ಕಾಣುತ್ತವೆ” ಎಂದ. ಅರಬಿಯಲ್ಲಿ ಚುಕ್ಕಿ ಕಾಣದಿದ್ದರೆ ಬಾ, ತಾ, ಸಾ ಮೂರೂ ಒಂದೇ. ಅಷ್ಟರಲ್ಲಿ ಶಾಲೆಯ ಗಣಿತದಲ್ಲಿ ಅವನು ತುಂಬಾ ಹಿಂದೆ ಬಿದ್ದಾಗಿತ್ತು. ಲೆಕ್ಕವನ್ನು ಬರೀ ಕಿವಿಯಲ್ಲಿ ಕಲಿಯಲು ಆಗುತ್ತದಾ?

ಆ ನಂತರ ನಾವು ಈ ಬಗ್ಗೆ ಸಿಕ್ಕಿದ್ದನ್ನು ಓದಲು ಶುರು ಮಾಡಿದೆವು. 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ವಿಧಾನ ಇಷ್ಟ ಎನ್ನುವುದು ಹೌದು, ಆದರೆ ಆ ಇಷ್ಟಕ್ಕೆ ಹೊಂದಿಸಿ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದು ಅವರು ಬರೆದರು.

ನಮಗೆ ಕಂಡದ್ದೂ ಅದೇ. ಹೇಗೆ ಕಲಿಸಬೇಕು ಎನ್ನುವುದನ್ನು ಹೆಚ್ಚಾಗಿ ಪಾಠವೇ ಹೇಳುತ್ತದೆ. ಸೀನ್ ಮತ್ತು ಸ್ವಾದ್ ನಡುವಿನ ವ್ಯತ್ಯಾಸ ಉಸ್ತಾದರ ಬಾಯಿ ನೋಡಿ, ಕೇಳಿ, ತನ್ನ ನಾಲಗೆಯಲ್ಲಿ ಹೊರಡಿಸಿದರೇ ಬರುವುದು, ಮಗು ಯಾವ ತರದ್ದೇ ಇರಲಿ. ವುಝೂ ಕಲಿಸಲು ನೀರಿನ ಹತ್ತಿರವೇ ಹೋಗಬೇಕು. ಕುಮಾರಧಾರ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದನ್ನು ಹತ್ತು ಸಲ ಓದುವ ಬದಲು ಒಮ್ಮೆ ನಕ್ಷೆ ಬಿಡಿಸಿದರೆ ಸಾಕು.

ಹಾಗಾದರೆ ಮಗುವಿಗೆ ತಕ್ಕಂತೆ ಬದಲಾಯಿಸಲು ಏನೂ ಇಲ್ಲವೇ? ಇದೆ. ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡಬೇಕು. ನಮ್ಮ ಮಕ್ಕಳಿಗೆ ಹೆಚ್ಚಿನ ಕಡೆ ಭಾಷೆಯೇ ತೊಡಕು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಎಂಟನೇ ತರಗತಿಯ ಒಬ್ಬಳು ದ್ಯುತಿಸಂಶ್ಲೇಷಣೆ ಎಂದರೆ ಏನು ಎಂದು ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಬ್ಯಾರಿಯಲ್ಲಿ ಹೇಳು ಎಂದೆವು. ಎಲೆ, ಬಿಸಿಲು, ನೀರು, ಗಾಳಿ ಎಲ್ಲವನ್ನೂ ಸರಿಯಾಗಿ ಹೇಳಿದಳು! ಅವಳಿಗೆ ವಿಜ್ಞಾನ ಗೊತ್ತಿತ್ತು, ವಾಕ್ಯ ಗೊತ್ತಿರಲಿಲ್ಲ. ಈಗ ಮೊದಲು ಬ್ಯಾರಿಯಲ್ಲಿ ಹೇಳಿ, ಅದನ್ನೇ ಕನ್ನಡದಲ್ಲಿ ಬರೆಯುತ್ತಾಳೆ. ಹತ್ತಿರ ಕೂತು ಕೇಳುವ ಉಮ್ಮನಿಗೂ ಪಾಠ ಅರ್ಥವಾಗುತ್ತದೆ, ಅದೊಂದು ಲಾಭ.

ಇನ್ನು, ಪುಸ್ತಕ ತೆರೆದಿಟ್ಟು ಗಂಟೆಗಟ್ಟಲೆ ಓದಿದ್ದನ್ನೇ ಓದುವುದು. ಇದರಿಂದ ಗೊತ್ತಿದೆ ಎಂಬ ಧೈರ್ಯ ಬರುತ್ತದೆ, ಪರೀಕ್ಷೆಯ ದಿನ ಅದು ಇರುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಪದೇ ಪದೇ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಕೇಳಿದಾಗ, ಪುಸ್ತಕ ಮುಚ್ಚಿ ನೆನಪು ಮಾಡಿ ಬರೆದವರು ಮುಂದೆ ಹೋಗಿದ್ದರು. ಮದ್ರಸದಲ್ಲಿ ಹಳೆಯ ಪಾಠ ಒಪ್ಪಿಸದೆ ಹೊಸ ಪಾಠ ಇಲ್ಲ ಎನ್ನುವ ಪದ್ಧತಿ ಎಷ್ಟು ಹಿಂದಿನದು! ಆದರೆ ನಾವು ಅರ್ಥ ಕೇಳದೆ ಬರೀ ಬಾಯಿಪಾಠಕ್ಕೆ ನಿಲ್ಲಿಸಿದ್ದೂ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಶಾಲೆಯ ಪಾಠಕ್ಕೂ ಮನೆಯಲ್ಲಿ ಹೀಗೆ ಮಾಡಬಹುದು. ಮಗ್ರಿಬ್ ಬಳಿಕ ಇಪ್ಪತ್ತು ನಿಮಿಷ ಓದಲಿ, ಪುಸ್ತಕ ಮುಚ್ಚಿ ಹೇಳಲಿ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ ಕೇಳಿ. ಬೆಳಿಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಶನ್ ಮುಗಿಸಿ ಬಂದು ತೂಕಡಿಸುವ ಮಗುವನ್ನು ಕೂರಿಸಿದರೆ ಮಾತ್ರ ಯಾವ ವಿಧಾನವೂ ನಡೆಯದು.

ಟ್ಯೂಶನ್‌ಗೆ ಹಣ ಕಟ್ಟುವ ಮೊದಲು ಕಣ್ಣು, ಕಿವಿ ಒಮ್ಮೆ ತೋರಿಸಿ. ಆ ಹುಡುಗನಿಗೆ ಎಸೆಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಗಣಿತ ಹೋಯಿತು, ಎರಡನೆಯದರಲ್ಲಿ ಪಾಸಾದ. ಅವನ ತಂಗಿ ಈ ವರ್ಷ ನಮ್ಮ ಒಂದನೇ ತರಗತಿಗೆ ಬಂದಿದ್ದಾಳೆ. ಅವಳ ಕಣ್ಣನ್ನು ಉಮ್ಮ ಮೊದಲೇ ತೋರಿಸಿಕೊಂಡು ಬಂದಿದ್ದರು, ನಾವು ಹೇಳಬೇಕಾಗಲಿಲ್ಲ.