ಹತ್ತಿಯ ಯಂತ್ರ ಮತ್ತು ಜೀತದ ಕೈಗಳು

ಗೋಕಾಕ ಫಾಲ್ಸಿಗೆ ಬಂದವರು ಘಟಪ್ರಭೆ ಸುಮಾರು 170 ಅಡಿ ಕೆಳಗೆ ಧುಮುಕುವುದನ್ನು ನೋಡುತ್ತಾರೆ, ತೂಗುಸೇತುವೆ ದಾಟುತ್ತಾರೆ. ದಡದ ಹತ್ತಿ ಗಿರಣಿಯತ್ತ ಕಣ್ಣು ಹಾಯಿಸುವವರು ಕಡಿಮೆ. 1880ರ ದಶಕದಲ್ಲಿ ಆರಂಭವಾದ ಈ ಗಿರಣಿಯ ಯಂತ್ರಗಳನ್ನು ತಿರುಗಿಸಿದ್ದು ಇದೇ ನೀರಿನ ಬಲ. ಯಂತ್ರ ಬಂದರೆ ಮನುಷ್ಯನ ಹೊರೆ ಇಳಿಯುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಹತ್ತಿಯ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ.

ಅಮೆರಿಕದ ಎಲಿ ವಿಟ್ನಿ 1793ರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ ಯಂತ್ರವನ್ನು ತಯಾರಿಸಿದ. ಒಬ್ಬ ಆಳು ಕೈಯಿಂದ ದಿನಕ್ಕೆ ಒಂದು ಪೌಂಡ್ ಅರಳೆ ತೆಗೆಯುವುದೇ ಕಷ್ಟವಾಗಿದ್ದಲ್ಲಿ ಈಗ 50 ಪೌಂಡ್ ಸಾಧ್ಯವಾಯಿತು. ಗುಲಾಮರ ಅಗತ್ಯ ಕಡಿಮೆಯಾಗಬೇಕಿತ್ತಲ್ಲವೇ? ಆದದ್ದು ತದ್ವಿರುದ್ಧ. ಹತ್ತಿ ಭಾರೀ ಲಾಭದ ಬೆಳೆಯಾಯಿತು, ಹೊಲಗಳು ಹಬ್ಬಿದವು. ಆದರೆ ಗಿಡದಿಂದ ಹತ್ತಿ ಬಿಡಿಸಲು ಯಂತ್ರವಿರಲಿಲ್ಲ, ಅದಕ್ಕೆ ಕೈಗಳೇ ಬೇಕಿತ್ತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 40 ಲಕ್ಷದ ಸಮೀಪಕ್ಕೆ ಬಂತು.

ಆ ದೇಶದ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. ಇಂದಿನ ಸೆನೆಗಲ್ ಕಡೆಯ ವಿದ್ವಾಂಸ ಉಮರ್ ಇಬ್ನ್ ಸಈದ್‌ರನ್ನು 1807ರಲ್ಲಿ ಹಿಡಿದು ಅಲ್ಲಿಗೆ ಸಾಗಿಸಲಾಯಿತು. ಅವರು 1831ರಲ್ಲಿ ಅರಬಿಯಲ್ಲಿ ಬರೆದ ಆತ್ಮಕಥೆ ಸೂರಃ ಅಲ್‌ಮುಲ್ಕ್‌ನಿಂದ ಆರಂಭವಾಗುತ್ತದೆ. ಆಧಿಪತ್ಯ ಯಾರ ಕೈಯಲ್ಲಿದೆ ಎಂಬುದೇ ಆ ಸೂರಃದ ಮೊದಲ ವಿಷಯ. ಮಾರಾಟವಾದ ಮನುಷ್ಯ ಅದನ್ನೇ ಆರಿಸಿಕೊಂಡದ್ದು ಆಕಸ್ಮಿಕವೆಂದು ನಮಗನಿಸುವುದಿಲ್ಲ.

ಅಮೆರಿಕದ ಹತ್ತಿ ಬೀಜ 1840ರ ದಶಕದಲ್ಲಿ ಧಾರವಾಡ ಸೀಮೆಗೂ ಬಂತು. 1861ರಿಂದ 1865ರವರೆಗಿನ ಅಲ್ಲಿನ ಅಂತರ್ಯುದ್ಧದಲ್ಲಿ ನಮ್ಮ ಹತ್ತಿಯ ಬೆಲೆ ಏರಿತು.

ಇಂದು ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಎಲ್ಲಿ ನೋಡಿದರೂ ಕಬ್ಬು. ಕಟಾವು ಯಂತ್ರಗಳು ಬಂದಿವೆ, ಮುಂಗಡ ಪಡೆದು ಕಬ್ಬು ಕಡಿಯಲು ಬರುವ ಗ್ಯಾಂಗುಗಳೂ ಇವೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಆದೇಶವನ್ನು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮುಂಗಡದಲ್ಲಿ ಹಣ ಬೆವರಿಗಿಂತ ಮೊದಲೇ ಬರುತ್ತದೆ. ಕೆಲವೊಮ್ಮೆ ಅದೇ ಕಾಲಿಗೆ ಸರಪಳಿಯಾಗುತ್ತದೆ.

ಮುಂಗಡ ಪಡೆದವರೆಲ್ಲ ಜೀತದಾಳುಗಳಲ್ಲ. ಆದರೆ ಆ ಸಾಲದ ಕಾರಣಕ್ಕೆ ಬೇರೆಡೆ ದುಡಿಯುವ, ಓಡಾಡುವ ಸ್ವಾತಂತ್ರ್ಯ ತಪ್ಪಿದರೆ ಅದು ಜೀತ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ. ಜೀತ ಪದ್ಧತಿಯನ್ನು ರದ್ದುಪಡಿಸಿದ 1976ರ ಕಾಯ್ದೆಯಂತೆ ಅಂಥ ಸಾಲವನ್ನು ತೀರಿಸಬೇಕಾಗಿಲ್ಲ. ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನದು.